ನೆಟ್ ಕಂಪೆನಿ ಬದಲಿಸುವುದು ಮೊಬೈಲ್ ಪೋರ್ಟ್ ಮಾಡಿದಷ್ಟು ಸಸಾರವಲ್ಲ

2024ರ ಅಕ್ಟೋಬರ್ ಚಾಟ್ನಿ ಮುಗಿದು ಇಪ್ಪತ್ತೆರಡು ದಿನವಾಗಿತ್ತು. ಕಾಯಿ ಗೊಂಚಲು ಆಗಷ್ಟೇ ಕಣ್ಣಿಗೆ ಬೀಳುತ್ತಿದ್ದವು. ದ್ರಾಕ್ಷಿ ಮಾಡುವವರಿಗೆ ಈ ಹೊತ್ತು ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಲೆ ನಾಲ್ಕು ತಾಸು ತೊಯ್ದು ನಿಂತರೆ ಸಾಕು, ದವಣಿ ಬಂತೆಂದೇ ಲೆಕ್ಕ. ಮಳೆಗೆ ಮೊದಲು ಔಷಧ ಬಿದ್ದಿರಬೇಕು, ಮಳೆಯಾದ ಮೇಲೆ ಹೊಡೆದದ್ದು ಅರ್ಧ ನೀರಿನ ಪಾಲು.

ನಮ್ಮ ವಸ್ತಿ ಇರುವುದು ತಿಕೋಟಾದಿಂದ ಮೂರು ಕಿ.ಮೀ. ಒಳಗೆ, ಹಳ್ಳದ ತಗ್ಗಿನಲ್ಲಿ. ಮೊಬೈಲ್ ಸಿಗ್ನಲ್ ಸಿಗಬೇಕಾದರೆ ನೀರಿನ ಟಾಕಿಯ ಮೇಲೆ ಹತ್ತಬೇಕು. ಹಾಗಾಗಿ ಮನೆಗೆ ಫೈಬರ್ ನೆಟ್ ಹಾಕಿಸಿದ್ದೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ಕೊಡುವ ಹವಾಮಾನ ಸಲಹೆ, ಬೆಳೆಗಾರರ ಗುಂಪಿನ ಫೋಟೋಗಳು, ಮಣೂಕದ ಪೇಟೆ ಧಾರಣೆ, ಶೆಡ್ಡಿನ ಕ್ಯಾಮರಾ, ಮಗಳ ಪಾಠ ಎಲ್ಲವೂ ಆ ಒಂದೇ ತಂತಿಯ ಮೇಲೆ ನಡೆದಿತ್ತು.

ಆ ಇಪ್ಪತ್ತೆರಡನೆಯ ದಿನ ತಂತಿ ಸತ್ತಿತು. ಪೆಟ್ಟಿಗೆಯಲ್ಲಿ ಕೆಂಪು ದೀಪ. ಫೋನ್ ಮಾಡಿದರೆ, "ಕಾಕಾ, ಜೆಸಿಬಿಯವರು ವಾಯರ್ ಕಡದಾರ್ರಿ. ನಾಳಿ ಮುಂಜಾನಿ ಬರ್ತೀವಿ" ಎಂದರು. ಆ ನಾಳೆ ಬಂದದ್ದು ಹನ್ನೊಂದನೆಯ ದಿನಕ್ಕೆ. ನಡುವೆ ಎರಡು ರಾತ್ರಿ ಮಳೆ ಹೊಡೆಯಿತು. ಬರುವ ಸುದ್ದಿ ಗುಂಪಿನಲ್ಲಿ ಇತ್ತು, ನಾನು ನೋಡಿದ್ದು ಮಳೆ ನಿಂತ ಮೇಲೆ. ಹಳ್ಳದ ಕಡೆಯ ಮುಕ್ಕಾಲು ಎಕರೆಯಲ್ಲಿ ಗೊಂಚಲಿನ ಮೇಲೆಯೇ ದವಣಿ ಕೂತಿತು. ತಪ್ಪು ಪೂರಾ ತಂತಿಯದೆಂದು ನಾನು ಹೇಳುವುದಿಲ್ಲ. ಟಾಕಿ ಹತ್ತಿ ನೋಡುವ ಬುದ್ಧಿ ನನಗೂ ಇರಬೇಕಿತ್ತು. ಆದರೆ ಕಂಪೆನಿ ಬದಲಿಸಲೇಬೇಕೆಂದು ಆ ದಿನವೇ ನಿಶ್ಚಯ ಮಾಡಿದೆ.

ಬದಲಿಸುವುದೆಂದರೆ ಏನು ಮಹಾ, ಮೊಬೈಲ್ ನಂಬರ್ ಪೋರ್ಟ್ ಮಾಡಿದ ಹಾಗೆ ಅಂದುಕೊಂಡಿದ್ದೆ. ಅಲ್ಲ ಎಂದು ತಿಳಿಯಲು ಎರಡು ತಿಂಗಳು ಹಿಡಿಯಿತು. ನನ್ನ ಹಾಗೆ ತಿಳಿದವರು ಬಹಳ ಮಂದಿ ಇದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೋರ್ಟ್ ಯಾಕಿಲ್ಲ?

ಮೊಬೈಲ್ ನಂಬರ್ ಉಳಿಸಿಕೊಂಡು ಕಂಪೆನಿ ಬದಲಿಸುವ ಸವಲತ್ತು ದೇಶಕ್ಕೆಲ್ಲ ಬಂದದ್ದು 2011ರ ಜನವರಿ 20ರಂದು. 1900ಕ್ಕೆ ಒಂದು ಮೆಸೇಜು, ಒಂದು ಕೋಡು, ಹೊಸ ಸಿಮ್ಮು. 2019ರ ಡಿಸೆಂಬರಿನಿಂದ, ಅದೇ ವಲಯದೊಳಗಾದರೆ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕೆಂದು ನಿಯಮವಾಗಿದೆ. ಹಳೆ ಕಂಪೆನಿ ಬಿಡುವುದು, ಹೊಸದು ಹಿಡಿಯುವುದು ಒಂದೇ ಅರ್ಜಿಯಲ್ಲಿ ಆಗುತ್ತದೆ. ನಡುವೆ ನಿಂತು ನೋಡುವವರು ಇರುತ್ತಾರೆ.

ಮನೆ ನೆಟ್ಟಿಗೆ ಅಂಥದ್ದಿಲ್ಲ. ಇಲ್ಲಿ ಬದಲಿಸುವುದು ಎಂಬ ಕೆಲಸವೇ ಇಲ್ಲ. ಒಂದನ್ನು ಬಂದ್ ಮಾಡುವುದು, ಇನ್ನೊಂದನ್ನು ಹೊಸದಾಗಿ ಹಾಕಿಸುವುದು ಎಂಬ ಎರಡು ಬೇರೆ ಕೆಲಸಗಳಿವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹೊಸಬ ಬಂದ ಮಾತ್ರಕ್ಕೆ ಹಳೆಯವನ ಬಿಲ್ಲು ನಿಲ್ಲುವುದಿಲ್ಲ. ಹಳೆಯದನ್ನು ಬಿಟ್ಟ ಮಾತ್ರಕ್ಕೆ ಹೊಸದು ಬರುತ್ತದೆಂಬ ಭರವಸೆಯೂ ಇಲ್ಲ. ಕಾರಣ ಸರಳ. ಮೊಬೈಲಿನ ಟವರು ಎಲ್ಲರಿಗೂ ಗಾಳಿಯಲ್ಲಿ ಸಿಗುತ್ತದೆ, ಇಲ್ಲಿ ಪ್ರತಿ ಕಂಪೆನಿ ತನ್ನ ತಂತಿಯನ್ನು ನಿಮ್ಮ ಬಾಗಿಲಿನ ತನಕ ಎಳೆದು ತರಬೇಕು. ಒಂದೇ ಬಾವಿಯಿಂದ ಬೇರೆ ಮೋಟಾರು ಇಟ್ಟು ನೀರೆತ್ತಿದ ಹಾಗಲ್ಲ ಇದು, ಬೇರೆ ಬಾವಿಯನ್ನೇ ತೋಡಿಸಿದ ಹಾಗೆ.

ಬಬಲೇಶ್ವರದ ನಮ್ಮ ಬೀಗರದು ಇನ್ನೊಂದು ಪೇಚು. ಅವರ ಮನೆಯ ಲ್ಯಾಂಡ್‌ಲೈನ್ ನಂಬರು ಸಾಂಗ್ಲಿ, ತಾಸಗಾಂವದ ಮಣೂಕ ವ್ಯಾಪಾರಿಗಳ ಡೈರಿಯಲ್ಲಿ ಎಷ್ಟೋ ವರ್ಷಗಳಿಂದ ಇದೆ. ಬೇರೆ ಕಂಪೆನಿಗೆ ಹೋದರೆ ಆ ನಂಬರು ಜೊತೆಗೆ ಬರುವುದಿಲ್ಲ. ಪೋರ್ಟ್ ನಿಯಮ ಇರುವುದು ಮೊಬೈಲಿಗೆ ಮಾತ್ರ. ಅದೇ ಕಂಪೆನಿಯ ತಾಮ್ರದ ತಂತಿಯಿಂದ ಅದೇ ಕಂಪೆನಿಯ ಫೈಬರಿಗೆ ಹೋದರೆ ನಂಬರು ಉಳಿಸಿಕೊಡುವುದುಂಟು. ಬೀಗರು ಕಡೆಗೆ ಹಾಗೆಯೇ ಮಾಡಿದರು. "ನಂಬರ್ ಹೋದ್ರ ನಾ ಸತ್ತೀನಿ ಅಂತ ತಿಳಕೊಂತಾರ್ರೀ ವ್ಯಾಪಾರಿಗೋಳು" ಎಂದು ನಗುತ್ತಾರೆ.

ತಂತಿಯೊಳಗೆ ಏನಾಗುತ್ತದೆ

ಇದನ್ನು ತಿಳಿದುಕೊಂಡರೆ ಅರ್ಧ ಜಗಳ ತಪ್ಪುತ್ತದೆ. ನನಗೆ ತಿಳಿಸಿಕೊಟ್ಟವನು ಹೊಸ ಕಂಪೆನಿಯ ತಂತಿ ಜೋಡಿಸಲು ಬಂದ ಹುಡುಗ. ಚಹಾ ಕುಡಿಯುತ್ತ ಒಂದು ತಾಸು ಹೇಳಿದ.

2005ರಲ್ಲಿ ಬಿಎಸ್ಸೆನ್ನೆಲ್‌ನವರು ಬ್ರಾಡ್‌ಬ್ಯಾಂಡ್ ಶುರು ಮಾಡಿದಾಗ ಅದು ಟೆಲಿಫೋನಿನ ತಾಮ್ರದ ತಂತಿಯಲ್ಲಿಯೇ ಬರುತ್ತಿತ್ತು. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ವೇಗ ಇಳಿಯುತ್ತಿತ್ತು. ನಾಲ್ಕೈದು ಕಿ.ಮೀ. ದಾಟಿದ ತೋಟದ ಮನೆಗಳಿಗೆ ಅದು ದಕ್ಕುವಂಥದ್ದೇ ಅಲ್ಲ. ಫೈಬರಿನಲ್ಲಿ ಹೋಗುವುದು ಬೆಳಕು. ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಇಪ್ಪತ್ತು ಕಿ.ಮೀ. ತನಕ ನಡುವೆ ಕರೆಂಟಿಲ್ಲದೆ ಹೋಗುತ್ತದೆ. ಅದಕ್ಕೇ ಇದು ಹಳ್ಳಿಗೆ ಹೊಂದುತ್ತದೆ. 2011ರಲ್ಲಿ ಕೇಂದ್ರ ಸರಕಾರ ಗ್ರಾಮ ಪಂಚಾಯತಿಗಳಿಗೆ ಎಳೆಯಲು ಒಪ್ಪಿದ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಜಾಲವೂ ಫೈಬರಿನದೇ.

ನಮ್ಮ ಡ್ರಿಪ್ ನೆನಪು ಮಾಡಿಕೊಳ್ಳಿ. ಹೆಡ್ಡಿನಿಂದ ಮೇನ್ ಲೈನು, ಅಲ್ಲಿಂದ ಸಬ್ ಮೇನು, ಅದಕ್ಕೆ ಲ್ಯಾಟರಲ್ಲು, ಕಡೆಗೆ ಡ್ರಿಪ್ಪರು. ಫೈಬರೂ ಹಾಗೆಯೇ. ಕಂಪೆನಿಯ ಯಂತ್ರದಿಂದ ಒಂದು ಎಳೆ ಹೊರಡುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿಯಲ್ಲಿ ಅದೇ ಬೆಳಕು ಎಂಟು, ಹದಿನಾರು, ಮೂವತ್ತೆರಡು, ಅರವತ್ನಾಲ್ಕು ಪಾಲಾಗುತ್ತದೆ. ಡಬ್ಬಿಗೆ ಕರೆಂಟು ಬೇಡ, ಬರೀ ಗಾಜು. ಕಂಬದ ಮೇಲೆ ಕಾಣುವ ಕರಿ ಪೆಟ್ಟಿಗೆ ಅದೇ. ಅಲ್ಲಿಂದ ನಿಮ್ಮ ಮನೆಗೆ ಬರುವುದು ಲ್ಯಾಟರಲ್ಲು.

ಪಾಲಾದಷ್ಟೂ ಬೆಳಕು ಕಡಿಮೆ. ಜೋಡಣೆ ಸರಿ ಇಲ್ಲದಿದ್ದರೆ ಇನ್ನೂ ಕಡಿಮೆ. ತಂತಿಯನ್ನು ಮೊಳೆಗೆ ಸುತ್ತಿ ಮಡಚಿದರೂ ಕಡಿಮೆ. ನೀರಿಗೆ ಪ್ರೆಶರ್ ಗೇಜು ಇದ್ದ ಹಾಗೆ ಈ ಬೆಳಕಿಗೂ ಒಂದು ಅಳತೆ ಇದೆ, ಡಿಬಿಎಮ್ ಎಂದು ಕರೆಯುತ್ತಾರೆ. ಅಂಕಿ ಮೈನಸ್‌ನಲ್ಲಿ ಇರುತ್ತದೆ. ಮೈನಸ್ 18, 20 ಬಂದರೆ ಒಳ್ಳೆಯದು. ಮೈನಸ್ 27 ದಾಟಿದರೆ ಸಾಮಾನ್ಯ ಪೆಟ್ಟಿಗೆಗೆ ಬೆಳಕು ಕಾಣುವುದಿಲ್ಲ. ಇದರ ಲೆಕ್ಕ ವಿಚಿತ್ರ. ಮೂರು ಅಂಕ ಇಳಿದರೆ ಬೆಳಕು ಅರ್ಧವಾಯಿತೆಂದು ಅರ್ಥ, ಹತ್ತು ಇಳಿದರೆ ಹತ್ತನೆಯ ಒಂದು ಪಾಲು. ನಮ್ಮ ಹಳೆ ತಂತಿಯಲ್ಲಿ ಮೈನಸ್ 26 ಬರುತ್ತಿತ್ತಂತೆ. ಅದಕ್ಕೇ ಗಾಳಿ ಬಿಟ್ಟರೆ ನೆಟ್ ಹೋಗುವುದು, ಮುಂಜಾನೆ ತಾನೇ ಬರುವುದು ನಡೆದಿತ್ತು. ಎರಡು ವರ್ಷ ನಾನು "ಸ್ಪೀಡ್ ಇಲ್ಲ" ಎಂದು ಬೈದೆ. ಕೇಳಬೇಕಾದ ಪ್ರಶ್ನೆ "ಪವರ್ ಎಷ್ಟು ಬರ್ತದ?" ಎಂಬುದು. ತಂತಿ ಜೋಡಿಸುವ ಹುಡುಗರ ಹತ್ತಿರ ಅಂಗೈಯಷ್ಟು ಮೀಟರು ಇರುತ್ತದೆ. ನಿಮ್ಮ ಎದುರಿಗೇ ಹಚ್ಚಿ ತೋರಿಸಲು ಹೇಳಿ, ಅಂಕಿ ಬರೆದಿಟ್ಟುಕೊಳ್ಳಿ.

ಪೆಟ್ಟಿಗೆಯ ದೀಪವೂ ಮಾತಾಡುತ್ತದೆ. ಎಲ್ಓಎಸ್ ಎಂದು ಬರೆದ ದೀಪ ಕೆಂಪಾಗಿ ಮಿಣುಕಿದರೆ ಬೆಳಕೇ ಬರುತ್ತಿಲ್ಲ, ಅಂದರೆ ಹೊರಗೆ ತಂತಿ ಕಡಿದಿದೆ ಅಥವಾ ಬಿಚ್ಚಿದೆ. ನೀವು ಮನೆಯಲ್ಲಿ ಪೆಟ್ಟಿಗೆ ಎಷ್ಟು ಸಲ ಆರಿಸಿ ಹಚ್ಚಿದರೂ ಉಪಯೋಗವಿಲ್ಲ. ಪಿಓಎನ್ ದೀಪ ಹಸಿರಾಗಿ ನಿಂತಿದ್ದು ನೆಟ್ ಮಾತ್ರ ಇಲ್ಲವೆಂದರೆ ತಂತಿ ಸರಿ ಇದೆ, ತೊಂದರೆ ಕಂಪೆನಿಯ ಮೇಲ್ಗಡೆ, ಇಲ್ಲವೆ ನಿಮ್ಮ ರೊಕ್ಕ ಮುಗಿದಿದೆ. ದೂರು ಕೊಡುವಾಗ ದೀಪದ ಬಣ್ಣ ಹೇಳಿದರೆ "ಸ್ವಿಚ್ ಆಫ್ ಮಾಡಿ ಆನ್ ಮಾಡ್ರಿ" ಎಂಬ ಹತ್ತು ನಿಮಿಷದ ಪುರಾಣ ತಪ್ಪುತ್ತದೆ.

ಇನ್ನು ವೇಗ. ಜಾಹೀರಾತಿನ 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಎಂಬಿ ಇಳಿಯುತ್ತದೆಂದಲ್ಲ, ಎಂಟರಿಂದ ಭಾಗಿಸಬೇಕು, 5 ಎಂಬಿ. ಒಂದು ಎಳೆಯ ಮೇಲಿರುವ ಮನೆಗಳೆಲ್ಲ ಅದನ್ನು ಹಂಚಿಕೊಳ್ಳುತ್ತವೆ. ಸಂಜೆ ಏಳರಿಂದ ಹತ್ತರ ತನಕ ಎಲ್ಲರೂ ಒಮ್ಮೆಲೇ ವಾಲ್ವ್ ತೆರೆದರೆ ಕಡೆಯ ಸಾಲಿಗೆ ಸಣ್ಣಗೆ ಬಂದೇ ಬರುತ್ತದೆ. ಕಂಪೆನಿಯವರು ಮೇಲಿನಿಂದ ಎಷ್ಟು ಕೊಂಡಿದ್ದಾರೆ ಎಂಬುದರ ಮೇಲೂ ಹೋಗುತ್ತದೆ. ಹಾಗಾಗಿ ಹೊಸ ಕಂಪೆನಿ ಹುಡುಕುವಾಗ ಮಧ್ಯಾಹ್ನದ ವೇಗ ನೋಡಿ ಮರುಳಾಗಬೇಡಿ. ಅದೇ ಕಂಬದ ಮೇಲಿನ ಗಿರಾಕಿಯ ಮನೆಗೆ ರಾತ್ರಿ ಒಂಬತ್ತಕ್ಕೆ ಹೋಗಿ ನೋಡಿ. ಸರಕಾರ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕೆಂದು ಮಾಡಿದೆ. ಮೊದಲು ಅರ್ಧ ಎಂಬಿಪಿಎಸ್ ಇತ್ತು. ಹವಾಮಾನ ನೋಡಲು ಅದೂ ಸಾಕು ಅನ್ನಿ, ಬರಬೇಕಷ್ಟೆ.

ಯಾರ ಗಿರಾಕಿ ನಾನು?

ಈಗ ನನ್ನ ಪೆಟ್ಟು. ಜೂನ್ ತಿಂಗಳಲ್ಲಿ ಹಳೆ ಕಂಪೆನಿಯ ಕೆಲಸ ನೋಡುವ ನಮ್ಮೂರ ಕಡೆಯ ಕೇಬಲ್‌ನವರು ಬಂದು, "ಕಾಕಾ, ವರ್ಷದ್ದು ಒಮ್ಮೆ ಕಟ್ರಿ, ಒಂದ್ ತಿಂಗಳ ಫುಕಟ್" ಎಂದಿದ್ದರು. ತಿಂಗಳಿಗೆ 499, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆ. ಹನ್ನೆರಡು ತಿಂಗಳಿಗೆ 7,066 ರೂಪಾಯಿ. (ಜಾಹೀರಾತಿನಲ್ಲಿ ಜಿಎಸ್‌ಟಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಲೆಕ್ಕ ಹಾಕುವಾಗ ಸೇರಿಸಿಯೇ ಹಾಕಿ.) ಕೊಟ್ಟೆ, ನಗದಾಗಿ. ರಶೀದಿ ಎಂದರೆ ಮೊಬೈಲಿಗೆ ಬಂದ ಒಂದು "ಓಕೆ".

ನವೆಂಬರಿನಲ್ಲಿ ಬಂದ್ ಮಾಡಿ, ಉಳಿದ ಏಳು ತಿಂಗಳ ರೊಕ್ಕ ಕೊಡಿ ಎಂದು ಕಂಪೆನಿಯ ಆಫೀಸಿಗೆ ಕೇಳಿದೆ. ಅವರ ಕಂಪ್ಯೂಟರಿನಲ್ಲಿ ನಾನು ತಿಂಗಳ ಗಿರಾಕಿ. ವರ್ಷದ ರೊಕ್ಕ ಅವರಿಗೆ ಮುಟ್ಟೇ ಇಲ್ಲ. ಕೇಬಲ್‌ನವರು ನನ್ನಿಂದ ವರ್ಷದ್ದು ತೆಗೆದುಕೊಂಡು ತಾವು ತಿಂಗಳ ತಿಂಗಳ ಕಟ್ಟುತ್ತಿದ್ದರು. ಅಂದರೆ 4,100 ರೂಪಾಯಿ ಚಿಲ್ಲರೆ ಇದ್ದದ್ದು ಕಂಪೆನಿಯಲ್ಲಿ ಅಲ್ಲ, ಕೇಬಲ್‌ನವರ ಕಿಸೆಯಲ್ಲಿ.

ಇನ್ನೂ ಕೆಟ್ಟ ಸುದ್ದಿ ಮುಂದಿತ್ತು. ಹನ್ನೊಂದು ದಿನ ನೆಟ್ ಇಲ್ಲವೆಂದು ನಾನು ದಿನಕ್ಕೆರಡು ಸಲ ಫೋನ್ ಮಾಡಿದ್ದೆನಲ್ಲ, ಅದೆಲ್ಲ ಕೇಬಲ್‌ನವರ ಸ್ವಂತ ನಂಬರಿಗೆ. ಕಂಪೆನಿಯ ಲೆಕ್ಕದಲ್ಲಿ ನನ್ನಿಂದ ಒಂದೂ ದೂರು ಇಲ್ಲ. ದೂರೇ ಇಲ್ಲದಿದ್ದ ಮೇಲೆ ಕೆಟ್ಟದ್ದೂ ಇಲ್ಲ!

ಇದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು. ಊರ ಹುಡುಗ, ಗುರುತಿನವ, ಕಂಪೆನಿಯ ಉದ್ದ ನಂಬರಿಗಿಂತ ಅವನಿಗೆ ಹೇಳುವುದು ಸುಲಭ. ಹೇಳಿ, ಬೇಡವೆನ್ನುವುದಿಲ್ಲ. ಆದರೆ ಮೊದಲು ಕಂಪೆನಿಗೆ ಹೇಳಿ ದೂರಿನ ನಂಬರು ಬರೆದುಕೊಳ್ಳಿ. ಡಾಕೆಟ್ ನಂಬರ್ ಎನ್ನುತ್ತಾರೆ. ಅದು ಸಿಕ್ಕ ಹೊತ್ತಿನಿಂದಲೇ ನಿಮ್ಮ ಗಡಿಯಾರ ಓಡತೊಡಗುವುದು. ಬಿಲ್ಲಿನ ತಲೆಯ ಮೇಲೆ ಯಾರ ಹೆಸರಿದೆ ನೋಡಿ, ಅವರೇ ನಿಮ್ಮ ಕಂಪೆನಿ. ರೊಕ್ಕವನ್ನು ಕಂಪೆನಿಯ ಆ್ಯಪ್‌ನಲ್ಲಿ ಇಲ್ಲವೆ ಅವರ ಹೆಸರಿನ ರಶೀದಿಗೇ ಕಟ್ಟಿ.

ನಿಯಮ ಏನೆನ್ನುತ್ತದೆ

ದೂರು ಕೊಟ್ಟು ಮೂರು ಕೆಲಸದ ದಿನ ದಾಟಿದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕೆಂದು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2006ರಲ್ಲೇ ನಿಯಮ ಮಾಡಿತ್ತು. ಮೂರರಿಂದ ಏಳು ದಿನಕ್ಕೆ ಒಂದು ವಾರದ ಬಾಡಿಗೆ, ಹದಿನೈದು ದಿನದ ತನಕ ಹೋದರೆ ಹದಿನೈದು ದಿನದ್ದು, ಅದನ್ನೂ ದಾಟಿದರೆ ಇಡೀ ತಿಂಗಳದ್ದು. 2024ರ ಅಕ್ಟೋಬರ್ 1ರಿಂದ ಹೊಸ ನಿಯಮಾವಳಿ ಬಂದಿದೆ. ಮೂರು ದಿನ ಮೀರಿದ ದೋಷಕ್ಕೆ ಪರಿಹಾರ ಅದರಲ್ಲೂ ಇದೆ. ಬಂದ್ ಮಾಡಿ ಎಂದು ಕೇಳಿದ ಮೇಲೆ ಏಳು ಕೆಲಸದ ದಿನಗಳಲ್ಲಿ ಬಂದ್ ಮಾಡಬೇಕು, ಠೇವಣಿ ಇದ್ದರೆ 45 ದಿನದೊಳಗೆ ಮರಳಿಸಬೇಕು. ನನ್ನ ತಂತಿ ಕಡಿದದ್ದು ಈ ನಿಯಮ ಜಾರಿಯಾದ ತಿಂಗಳಲ್ಲೇ. ಗೊತ್ತಿದ್ದರೆ ತಾನೆ!

ಕಂಪೆನಿಯ ದೂರು ವಿಭಾಗ ಕೇಳದಿದ್ದರೆ ಅದೇ ಕಂಪೆನಿಯಲ್ಲಿ ಮೇಲ್ಮನವಿ ಅಧಿಕಾರಿ ಇರುತ್ತಾರೆ. ಪ್ರತಿ ಕಂಪೆನಿ ಇಡಲೇಬೇಕೆಂದು 2012ರ ನಿಯಮ. ಫೀ ಇಲ್ಲ. 39 ದಿನದೊಳಗೆ ತೀರ್ಮಾನ ಕೊಡಬೇಕು. ಡಾಕೆಟ್ ನಂಬರು ಇಲ್ಲದೆ ಈ ಬಾಗಿಲು ತೆರೆಯುವುದಿಲ್ಲ. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ದಿನ ಕಳೆಯಬೇಡಿ. ದೂರಸಂಪರ್ಕ ಇಲಾಖೆಯ ಕುಂದುಕೊರತೆ ವಿಭಾಗ ಬೇರೆ ಇದೆ, ಅದರ ನಂಬರು 1063. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915.

ಗ್ರಾಹಕ ಕೋರ್ಟಿಗೆ ಹೋಗಬಹುದೇ? 2009ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂದ ಮೇಲೆ, ಟೆಲಿಫೋನ್ ವ್ಯಾಜ್ಯ ಗ್ರಾಹಕ ಕೋರ್ಟಿಗೆ ಬರುವಂತಿಲ್ಲ ಎಂದು ಎಷ್ಟೋ ಕಡೆ ತಿರುಗಿಸಿ ಕಳಿಸುತ್ತಿದ್ದರು. 2022ರ ಫೆಬ್ರುವರಿ 16ರಂದು ಅದೇ ಸುಪ್ರೀಂ ಕೋರ್ಟು, ಬರಬಹುದು ಎಂದು ಸ್ಪಷ್ಟ ಮಾಡಿತು. ವಿಜಯಪುರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಫೀ ಇಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ.

ನಾನು ಅಲ್ಲಿ ತನಕ ಹೋಗಲಿಲ್ಲ. ನನ್ನ ಕೈಯಲ್ಲಿ ಕಾಗದವೇ ಇರಲಿಲ್ಲವಲ್ಲ. ಪೆಟ್ಟಿಗೆಯ ಠೇವಣಿ 1,500ಕ್ಕೆ ಕಂಪೆನಿಯ ರಶೀದಿ ಇತ್ತು, ಅದು ಪೂರ್ತಿ ಬಂತು. ಪೆಟ್ಟಿಗೆ, ಅಡಾಪ್ಟರು ಎರಡನ್ನೂ ವಿಜಯಪುರದ ಆಫೀಸಿಗೆ ಒಯ್ದು ಕೊಟ್ಟು, ಪೆಟ್ಟಿಗೆಯ ಹಿಂದಿನ ನಂಬರು ಸಹಿತ ಬರೆಸಿಕೊಂಡು ಬಂದಿದ್ದೆ. ತಂತಿ ಜೋಡಿಸುವ ಹುಡುಗರ ಕೈಗೆ ಪೆಟ್ಟಿಗೆ ಕೊಟ್ಟು ಆಮೇಲೆ "ನೀವು ಕೊಟ್ಟೇ ಇಲ್ಲ" ಅನ್ನಿಸಿಕೊಂಡವರನ್ನು ಬಲ್ಲೆ. ವರ್ಷದ ರೊಕ್ಕದಲ್ಲಿ ಕೇಬಲ್‌ನವರು ಊರ ಹಿರಿಯರ ಎದುರು ಎರಡು ಸಾವಿರ ಕೊಟ್ಟರು. ಉಳಿದದ್ದಕ್ಕೆ ನೀರು ಬಿಟ್ಟೆ.

ರೊಕ್ಕ ತಾನೇ ಕಡಿತವಾಗುವಂತೆ ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟವರು ಇನ್ನೊಂದು ನೆನಪಿಡಿ. ನೆಟ್ ಬಂದ್ ಮಾಡಿಸಿದರೂ ಆ ಒಪ್ಪಿಗೆ ಬಂದ್ ಆಗಿರುವುದಿಲ್ಲ. ಯುಪಿಐ ಆ್ಯಪ್ ಒಳಗೆ ಆಟೋಪೇ ಎಂಬಲ್ಲಿ ಹೋಗಿ ನೀವೇ ರದ್ದು ಮಾಡಬೇಕು. ಕಡಿತಕ್ಕೆ 24 ತಾಸು ಮೊದಲು ಮೆಸೇಜು ಬರಬೇಕೆಂದು 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮವಿದೆ. ಬರುತ್ತದೆ, ನಾವು ಓದುವುದಿಲ್ಲ.

ಹೊಸದು ಬರುವ ದಾರಿ

ಆ್ಯಪ್‌ನಲ್ಲಿ ತಿಕೋಟಾದ ಪಿನ್‌ಕೋಡ್ ಹಾಕಿದರೆ ನಾಲ್ಕು ಕಂಪೆನಿಗಳು "ನಿಮ್ಮ ಊರಲ್ಲಿ ಲಭ್ಯ" ಎಂದವು. ಪಿನ್‌ಕೋಡ್ ಊರಿಗೆ, ತಂತಿ ಬರಬೇಕಾದದ್ದು ವಸ್ತಿಗೆ. ಇಬ್ಬರು ಬಂದು ನೋಡಿ, ಕಡೆಯ ಕಂಬದಿಂದ ದೂರ ಹೆಚ್ಚೆಂದು ಹೋದರು. ಒಬ್ಬರು ಬರಲೇ ಇಲ್ಲ, ಆದರೆ "ನಿಮ್ಮ ಕನೆಕ್ಷನ್ ಯಶಸ್ವಿಯಾಗಿದೆ" ಎಂದು ಮೆಸೇಜು ಬಂತು. ನಾಲ್ಕನೆಯವರು, ಕಂಬಗಳನ್ನು ನೀವು ನೆಟ್ಟುಕೊಡಿ, ತಂತಿ ನಾವು ಎಳೆಯುತ್ತೇವೆ ಎಂದರು. ದ್ರಾಕ್ಷಿ ಮಂಟಪದ ಹಳೆ ಕಬ್ಬಿಣದ ಕಂಬ ಒಂಬತ್ತು ಇದ್ದವು, ಬದುವಿನ ಗುಂಟ ನೆಟ್ಟೆ. ಹೊಲದ ನಡುವೆ ತಂತಿ ಒಯ್ಯಬೇಡಿ, ಟ್ರ್ಯಾಕ್ಟರಿನ ಬ್ಲೋವರಿಗೆ ಸಿಗುತ್ತದೆ. ಕರೆಂಟಿನ ಕಂಬಕ್ಕೆ ಕಟ್ಟುವುದು ಸುಲಭ, ಆದರೆ ಅದಕ್ಕೆ ಹೆಸ್ಕಾಂ ಅನುಮತಿ ಕಂಪೆನಿಯವರ ಹತ್ತಿರ ಇರಬೇಕು. ಇಲ್ಲದಿದ್ದರೆ ಲೈನ್‌ಮನ್ ಬಂದು ಒಂದು ದಿನ ಕತ್ತರಿಸಿದರೆ ಕೇಳುವಂತಿಲ್ಲ.

ಅರ್ಜಿ ಹಾಕಿದ ಹತ್ತೊಂಬತ್ತನೆಯ ದಿನ ನೆಟ್ ಬಂತು. ಬೆಳಕು ಮೈನಸ್ 19.

ಹಳೆಯದು ಅಷ್ಟೊತ್ತಿಗೆ ದುರಸ್ತಿಯಾಗಿ ಕುಂಟುತ್ತ ನಡೆದಿತ್ತು. ಹೊಸದು ಬಂದ ಮೇಲೂ ಹದಿನೈದು ದಿನ ಎರಡನ್ನೂ ಇಟ್ಟೆ. ಅರ್ಧ ತಿಂಗಳ ಬಾಡಿಗೆ ದಂಡವೆಂದು ಮನೆಯಲ್ಲಿ ಅಂದರು. ಆದರೆ ಹೊಸ ತಂತಿಯ ಗುಣ ಗಾಳಿಗೆ, ಮಂಜಿಗೆ, ಸಂಜೆಯ ಹೊತ್ತಿಗೆ ಹೇಗಿದೆ ಎಂದು ತಿಳಿಯಲು ಅಷ್ಟು ದಿನ ಬೇಕೇ ಬೇಕು. ಹೊಸ ಎತ್ತು ಕೊಂಡವನು ಹಳೆ ಎತ್ತನ್ನು ಅದೇ ಸಂತೆಯಲ್ಲಿ ಮಾರುವುದಿಲ್ಲ.

ಹೊಸದು ಬಂದ ದಿನ ಮನೆಯಲ್ಲಿ ಇನ್ನೊಂದು ಗದ್ದಲ. ಮೊಬೈಲುಗಳು, ಟಿವಿ, ಶೆಡ್ಡಿನ ಕ್ಯಾಮರಾ, ಮೋಟಾರಿನ ಆಟೋ ಪೆಟ್ಟಿಗೆ, ಎಲ್ಲಕ್ಕೂ ಹೊಸ ಹೆಸರು ಹೊಸ ಪಾಸ್‌ವರ್ಡ್ ತುಂಬಬೇಕು. ಮೋಟಾರಿನ ಪೆಟ್ಟಿಗೆಗೆ ತುಂಬುವ ಬಗೆ ಅದನ್ನು ಕೂಡಿಸಿದವನಿಗಷ್ಟೇ ಗೊತ್ತು, ಅವನು ಜತ್ತದಲ್ಲಿ. ಮಗಳು ಒಂದು ಉಪಾಯ ಮಾಡಿದಳು. ಹೊಸ ಪೆಟ್ಟಿಗೆಯ ವೈಫೈಗೆ ಹಳೆಯ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ ಇಟ್ಟಳು. ಅಕ್ಷರ ಒಂದೂ ಬದಲಿಲ್ಲ. ಐದು ನಿಮಿಷದಲ್ಲಿ ಎಲ್ಲವೂ ತಾವೇ ಬಂದು ಕೂಡಿಕೊಂಡವು. ಮೋಟಾರಿನ ಪೆಟ್ಟಿಗೆ ಮಾತ್ರ ಕೂಡಲಿಲ್ಲ. ಇಂಥ ಅಗ್ಗದ ಸಾಮಾನುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಒಂದೇ ಗೊತ್ತು, ಹೊಸ ಪೆಟ್ಟಿಗೆ 5ರದ್ದನ್ನಷ್ಟೇ ಬಿಟ್ಟಿತ್ತು. ಜೋಡಿಸಲು ಬಂದ ಹುಡುಗನಿಗೆ ಎರಡನ್ನೂ ಬಿಡಲು ಹೇಳಿ. 2.4ರದ್ದು ವೇಗ ಕಡಿಮೆ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ, ತೋಟಕ್ಕೆ ಅದೇ ಬೇಕು.

ಕ್ಯಾಮರಾದ್ದು ಬೇರೆ ಕಥೆ. ಮನೆಯಲ್ಲಿ ಕಂಡಿತು, ಪೇಟೆಗೆ ಹೋದರೆ ಕಾಣಲಿಲ್ಲ. ಹಳೆ ಕಂಪೆನಿ ನಮ್ಮ ಮನೆಗೆ ಅಂತರಜಾಲದಲ್ಲಿ ಪ್ರತ್ಯೇಕ ವಿಳಾಸ ಕೊಟ್ಟಿತ್ತು, ನಮ್ಮ ಹಳೆ ರೆಕಾರ್ಡರು ಆ ವಿಳಾಸವನ್ನೇ ನಂಬಿ ನಡೆಯುತ್ತಿತ್ತು. ಹೊಸದು ನೂರಾರು ಮನೆಗೆ ಸೇರಿ ಒಂದೇ ವಿಳಾಸ ಕೊಡುತ್ತದೆ. ಹೊರಗಿನಿಂದ ಬಂದ ಟಪಾಲು ಯಾರ ಮನೆಯದೆಂದು ತಿಳಿಯುವುದಿಲ್ಲ. ಪ್ರತ್ಯೇಕ ವಿಳಾಸ ಬೇಕೆಂದರೆ ಬೇರೆ ರೊಕ್ಕ. ರೆಕಾರ್ಡರಿನ ಕಂಪೆನಿಯ ಸ್ವಂತ ಆ್ಯಪ್ ಹಾಕಿಕೊಂಡ ಮೇಲೆ ಕಾಣತೊಡಗಿತು. ಮಣೂಕ ಶೆಡ್ಡಿಗೆ ಕ್ಯಾಮರಾ ಇಟ್ಟವರು ಬದಲಿಸುವ ಮೊದಲೇ ಇದನ್ನು ಕೇಳಿಕೊಳ್ಳಬೇಕು. ಶೆಡ್ಡಿನಲ್ಲಿ ಮಾಲು ಇದ್ದಾಗ ಕ್ಯಾಮರಾ ಕುರುಡಾದರೆ ರಾತ್ರಿ ನಿದ್ದೆ ಬರುವುದಿಲ್ಲ.

ಷಹರದಲ್ಲಿ ಇರುವ ತಮ್ಮನಿಗೆ ಈ ಯಾವ ತಾಪತ್ರಯವೂ ಇಲ್ಲ. ವಿಜಯಪುರದಲ್ಲಿ ಅವನ ಓಣಿಯ ಒಂದು ಕಂಬಕ್ಕೆ ಐದು ಕಂಪೆನಿಯ ತಂತಿ. ವರ್ಷಕ್ಕೊಂದು ಸಲ "ಬಿಡ್ತೀನಿ" ಎಂದು ಹೆದರಿಸಿ ದರ ಇಳಿಸಿಕೊಳ್ಳುತ್ತಾನೆ. ವಸ್ತಿಯವರು ಹೆದರಿಸಿದರೆ ಹೆದರುವವರು ಯಾರು?

ಅದೇ ಜೆಸಿಬಿ

ಇಷ್ಟೆಲ್ಲ ಆಗಿ, 2025ರ ಜನವರಿಯಲ್ಲಿ ರಸ್ತೆ ಕೆಲಸದ ಜೆಸಿಬಿ ಮತ್ತೊಮ್ಮೆ ಅಗೆಯಿತು. ಪೆಟ್ಟಿಗೆಯಲ್ಲಿ ಕೆಂಪು ದೀಪ! ಹಳೆ ಕಂಪೆನಿಯಲ್ಲೇ ಉಳಿದಿದ್ದ ಪಕ್ಕದ ವಸ್ತಿಯವರನ್ನು ಕೇಳಿದರೆ ಅವರದೂ ಕೆಂಪು. ವಿಜಯಪುರದಿಂದ ತಿಕೋಟಾಕ್ಕೆ ಎರಡೂ ಕಂಪೆನಿಯ ಮೇನ್ ಲೈನು ಒಂದೇ ರಸ್ತೆಯ ಬದಿಯಲ್ಲಿ, ಗೇಣು ಅಂತರದಲ್ಲಿ ಹೂತಿದ್ದವು. ನಾನು ಬದಲಿಸಿದ್ದು ಲ್ಯಾಟರಲ್ಲು ಮಾತ್ರ. ಆದರೆ ಈ ಸಲ ಎರಡನೆಯ ದಿನ ಸಂಜೆಗೆ ನೆಟ್ ಬಂತು, ಡಾಕೆಟ್ ನಂಬರು ನನ್ನ ಡೈರಿಯಲ್ಲಿತ್ತು.

ಅಗೆಯುವವರು ಮೊದಲೇ ತಿಳಿಸಿ ಅಗೆಯಲೆಂದು ಕೇಂದ್ರ ಸರಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ಬಿಟ್ಟಿದೆ. ಅಗೆಯುವ ಜಾಗ ತಿಳಿಸಿದರೆ ಅಲ್ಲಿ ತಂತಿ, ಪೈಪು ಹೂತವರಿಗೆ ಸುದ್ದಿ ಹೋಗುತ್ತದೆ. ನಾವು ಹೊಲಕ್ಕೆ ಪೈಪು ಹೂಳಲು ರಸ್ತೆ ದಾಟಿಸಿ ಅಗೆಸುತ್ತೇವಲ್ಲ, ಆಗ ನಮಗೂ ಇದು ಉಪಯೋಗ. ನಾನೇ ಒಂದು ಸಲ ಇನ್ನೊಬ್ಬರ ತಂತಿ ಕಡಿಸಿದ್ದೇನೆ, ಸುಳ್ಳೇಕೆ.

ಹಾಗಾಗಿ ಈಗ ಅಕ್ಟೋಬರ್ ಚಾಟ್ನಿಯಿಂದ ಮಾಲು ಇಳಿಯುವ ತನಕ ಎರಡು ಏರ್ಪಾಟು ಇಟ್ಟಿದ್ದೇನೆ. ಒಂದು, ನೀರಿನ ಟಾಕಿಯ ಮೇಲೆ ಹಳೆ ಮೊಬೈಲೊಂದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು, ಬೇರೆ ಕಂಪೆನಿಯ ಸಿಮ್ ಹಾಕಿ ಹಾಟ್‌ಸ್ಪಾಟ್ ಬಿಡುವುದು. ತಂತಿ ಕಡಿದರೂ ಗಾಳಿಯದು ನಡೆಯುತ್ತದೆ. (ಬಿಸಿಲಿಗೆ ಇಡಬೇಡಿ, ಬ್ಯಾಟರಿ ಉಬ್ಬುತ್ತದೆ. ನನ್ನದು ಒಂದು ಹೋಗಿದೆ.) ಎರಡು, ಫೈಬರ್ ಪೆಟ್ಟಿಗೆಗೆ 12 ವೋಲ್ಟಿನ ಪುಟ್ಟ ಬ್ಯಾಟರಿ ಪೆಟ್ಟಿಗೆ. ನಡುವೆ ಕರೆಂಟು ಬೇಡವೆಂದೆನಲ್ಲ, ನಮ್ಮ ಮನೆಯ ತುದಿಗೆ ಬೇಕು. ಕರೆಂಟು ಹೋದಾಗ ನೆಟ್ ಹೋಯಿತೆಂದು ಕಂಪೆನಿಗೆ ಬೈಯುವವರಲ್ಲಿ ಅರ್ಧ ಮಂದಿಯ ಮನೆಯಲ್ಲಿ ಪೆಟ್ಟಿಗೆಯೇ ಆರಿರುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರು ನೋಡಿಕೊಂಡು ಅಷ್ಟೇ ಇರುವುದನ್ನು ಕೊಳ್ಳಿ.

ಹಳೆ ಕಂಪೆನಿಯ ತಂತಿ ಕಂಬದಿಂದ ನಮ್ಮ ಬೇವಿನ ಮರದ ತನಕ ಇನ್ನೂ ಜೋತಾಡುತ್ತಲೇ ಇದೆ. ಬಿಚ್ಚಿಕೊಂಡು ಹೋಗಿ ಎಂದು ಮೂರು ಸಲ ಹೇಳಿಯಾಯಿತು, ನಾಳೆ ಬರುತ್ತಾರಂತೆ. ಇಂಡಿ, ಚಡಚಣ ಕಡೆಯ ತೋಟದ ಮನೆಗಳಲ್ಲಿ ಕೆಲವರು ನಾಲ್ಕೈದು ವಸ್ತಿ ಸೇರಿ ಒಂದೇ ತಂತಿ ಎಳೆಸಿ ಖರ್ಚು ಹಂಚಿಕೊಂಡಿದ್ದಾರೆಂದು ಕೇಳಿದ್ದೇನೆ. ಹಾಗೆ ಮಾಡಿದವರು ಕಂಬದ ಖರ್ಚು, ದುರಸ್ತಿಯ ಹೊಣೆ ಹೇಗೆ ಹಂಚಿಕೊಂಡಿರಿ ಎಂದು ಪತ್ರಿಕೆಗೆ ಬರೆದರೆ ನಮ್ಮ ಹಳ್ಳದ ಗುಂಟ ಇರುವ ಏಳು ಮನೆಗಳಿಗೆ ಉಪಕಾರವಾದೀತು.